ತಲೆಯ ಮೇಲಿನ ಮೈನಸ್ ಒಂದು

ಸಿಂಧನೂರಿನಿಂದ ಲಿಂಗಸುಗೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುವುದು ನನ್ನ ಕೆಲಸ. ಆವತ್ತು ಮಸ್ಕಿ ದಾಟುವವರೆಗೂ ಸೀಟು ಸಿಕ್ಕಿರಲಿಲ್ಲ. ಕೊನೆಯ ಪಿರಿಯಡ್ಡಿನ ಹೊತ್ತಿಗೆ ಕಾಲು ನನ್ನವಲ್ಲ ಅನ್ನಿಸುತ್ತಿತ್ತು, ಗಂಟಲೂ ಒಣಗಿತ್ತು.

ಪಾಠ ವಿಲೋಮ ಸಂಬಂಧದ್ದು. ಜೋಡಿಯಲ್ಲಿ ಮುಂದಿದ್ದದ್ದು ಹಿಂದೆ, ಹಿಂದಿದ್ದದ್ದು ಮುಂದೆ. (1, 2) ಇದ್ದರೆ (2, 1), ಅಷ್ಟೇ. ಆದರೆ ಸಂಬಂಧದ ಹೆಸರಾದ R ಅಕ್ಷರದ ತಲೆಯ ಮೇಲೆ ಮೈನಸ್ ಒಂದು ಬರೆದೆನೋ ಇಲ್ಲವೋ, ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

"ಮೇಡಂ, ಮೈನಸ್ ಒಂದು ಅಂದ್ರ ಆ ಸಂಖ್ಯೆನ ಒಂದರ ಕೆಳಗ ಬರೀಬೇಕಲ್ರೀ, ಎರಡು ಇದ್ರ ಅರ್ಧ? ಮೊನ್ನೆ ನೀವ ಹೇಳೀರಿ."

"ಅದು ಸಂಖ್ಯೆಗೋ. ಇದು ಸಂಬಂಧ."

"ಚಿಹ್ನೆ ಒಂದ ಐತಲ್ರೀ?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. ಮನೆಮಂದಿಯ ಉದಾಹರಣೆ ಕೊಟ್ಟರೆ ತಿಳಿದೀತು ಎಂದುಕೊಂಡೆ.

"ಅಣ್ಣ ಅನ್ನೋದೂ ಒಂದು ಸಂಬಂಧ. ಇವ ಅವನ ಅಣ್ಣ. ತಿರುವಿದ್ರ ಅವ ಇವನ ತಮ್ಮ," ಎಂದು ಹಲಗೆಯ ಮೇಲೆ ಬರೆದೆ.

ತುರ್ವಿಹಾಳದಿಂದ ಬರುವ ಹುಡುಗಿಯೊಬ್ಬಳಿದ್ದಳು, ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಅವಳು ಕೂತಲ್ಲಿಂದಲೇ ಅಂದಳು:

"ತಂಗೀನೂ ಆಗಬಹುದಲ್ರೀ ಮೇಡಂ. ನಮ್ಮಣ್ಣಗ ನಾವು ಮೂರು ಮಂದಿ ತಂಗ್ಯಾರು. ತಮ್ಮ ಇಲ್ಲೇ ಇಲ್ಲ."

ಎಲ್ಲರೂ ನಕ್ಕರು. ಮಾತು ಮುಗಿದ ಮೇಲೆ ಅವಳ ಮುಖ ಕೆಂಪಾಯಿತು. "ಖರೇ ಐತಿ ಬೇ," ಎಂದು ಹಲಗೆಯ ಮೇಲಿನ 'ತಮ್ಮ' ಒರೆಸಿ, ಸೀಮೆಸುಣ್ಣ ಅವಳ ಕೈಗೇ ಕೊಟ್ಟು, ಸಿಕ್ಕಿದ್ದೇ ಪುಣ್ಯವೆಂದು ಕುರ್ಚಿಯಲ್ಲಿ ಕೂತೆ. ಅವಳು ಅಣ್ಣನ ಪಕ್ಕದಲ್ಲಿ ಒಬ್ಬೊಬ್ಬ ತಂಗಿಯನ್ನು ಬರೆದು, ಆಮೇಲೆ ಒಂದೊಂದೇ ಜೋಡಿ ತಿರುವಿದಳು. "ಮಂದಿ ಅವರ ಅದಾರ್ರೀ. ಜಾಗಾ ಅಷ್ಟ ಬದಲ್ರೀ," ಅಂದಳು.

ಮುಂದಿನ ವಾರ ಕಿರುಪರೀಕ್ಷೆ ಕೊಟ್ಟೆ. ಬಹಳ ಮಂದಿ ಸರಿ ಮಾಡಿದ್ದರು. ಹಿಂದಿನ ಬೆಂಚಿನ ಹುಡುಗ ಮಾತ್ರ ಜೋಡಿಗಳನ್ನು ತಿರುವಿದ್ದಲ್ಲದೆ, ಪ್ರತಿ ಸಂಖ್ಯೆಯನ್ನೂ ಒಂದರ ಕೆಳಗೆ ಇಟ್ಟಿದ್ದ. ಕಾಲೇಜು ಬಿಟ್ಟ ಮೇಲೆ ಕರೆದೆ.

"ಇದ್ಯಾಕೋ ಹಿಂಗ?"

"ಎರಡೂ ಮಾಡಿದ್ರ ಯಾವುದರೆ ಒಂದು ಖರೇ ಇರತೈತಿ ಅಂತ ಮಾಡೀನ್ರೀ."

ದಿನದ ದಣಿವಿನಲ್ಲೂ ನಗು ಬಂತು. ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಬ್ಯಾಗು ಕೆಳಗಿಟ್ಟು, "ಬಾ, ಕುಂದ್ರು," ಎಂದು ಅವನಿಗೆ ಮತ್ತೆ ಮೊದಲಿನಿಂದ ಹೇಳತೊಡಗಿದೆ.