ಎಂಟರ್ ಆದಮೇಲೆ ನಾಲ್ಕು ಸ್ಪೇಸ್

2001ರಲ್ಲಿ ನಾನು ಚಳ್ಳಕೆರೆಯ ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕನಾಗಿದ್ದೆ. ಶುರುವಿನಿಂದಲೂ ಅಲ್ಲಿಗೆ ನಾನೊಬ್ಬನೇ ಮೇಷ್ಟ್ರು. ಮೊದಲು ಟೈಪಿಂಗ್ ಕಲಿಸುತ್ತಿದ್ದವನಾದ್ದರಿಂದ ಅಂಚು ಬಿಡದ ಹಾಳೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂನಲ್ಲೂ ಕೆಲವು ಸಾಲುಗಳು ಒಳಕ್ಕೆ ಸರಿದಿರಬೇಕು; ಅದಕ್ಕೆ ಇಂಡೆಂಟ್ ಎನ್ನುತ್ತಾರೆ. ಅದಕ್ಕೇ ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ: 'ಅಂಚು ಬಿಡಿ. ಪ್ರತಿ ಸಲ ಎಂಟರ್ ಆದಮೇಲೆ ನಾಲ್ಕು ಸ್ಪೇಸ್ ಒತ್ತಿ.' ತಪ್ಪಿದವರಿಗೆ ಬೈಗುಳ ಖಚಿತ.

ಮೊಳಕಾಲ್ಮೂರಿನ ಮಗ್ಗದ ಮನೆಯ ಭಾಗ್ಯಮ್ಮ ದಿನಾ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದಳು. ರಾಂಪುರದಲ್ಲಿ ನಮ್ಮ ಶಾಖೆ ತೆರೆಯುವುದಿತ್ತು. ಪ್ರಾಯೋಗಿಕ ಪರೀಕ್ಷೆ ಪಾಸಾದರೆ ಅಲ್ಲಿ ಬೋಧಕಿಯ ಕೆಲಸ ಅವಳಿಗೇ ಎಂದು ಮಾಲೀಕರು ಮಾತು ಕೊಟ್ಟಿದ್ದರು.

ಪರೀಕ್ಷೆಯ ಹಿಂದಿನ ದಿನ, ಬರುವ ಪರೀಕ್ಷಕರೆದುರು ಮೆರೆಯೋಣವೆಂದು ಎಲ್ಲ ಮಿಷೀನಿಗೂ ಪ್ರೋಗ್ರಾಂ ಟೈಪ್ ಮಾಡುವ ಹೊಸ ಎಡಿಟರ್ ಹಾಕಿದೆ. ಅದರಲ್ಲಿ ಆಟೋ ಇಂಡೆಂಟ್ ಇತ್ತು. ಎಂಟರ್ ಒತ್ತಿದರೆ ಹೊಸ ಸಾಲು ಮೇಲಿನ ಸಾಲಿನ ನೇರಕ್ಕೆ ತಾನೇ ನಿಲ್ಲುತ್ತದೆ. ಅದರ ಕೈಪಿಡಿಯಲ್ಲಿ ಆ ಪುಟ ನಾನು ಓದಿರಲಿಲ್ಲ.

ಮರುದಿನ ಅರ್ಧ ಗಂಟೆಯೊಳಗೆ ಎಲ್ಲರ ಪ್ರೋಗ್ರಾಮೂ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿದು ಪರದೆಯಾಚೆ ಹೋಯಿತು. ಪ್ರಿಂಟ್ ತೆಗೆದರೆ ಸಾಲುಗಳ ಬಾಲವೇ ಇಲ್ಲ.

"ಓದೋಕೆ ಬರದ ಪ್ರಿಂಟಿಗೆ ಮಾರ್ಕ್ಸ್ ಕೊಡಲ್ಲ," ಎಂದರು ಪರೀಕ್ಷಕರು.

ನಾನು ವೈರಸ್ ಎಂದು ಘೋಷಿಸಿದೆ. ಮಿಷೀನುಗಳನ್ನು ಆರಿಸಿ ಹಚ್ಚಿದೆ. ಫ್ಲಾಪಿ ತೂರಿಸಿ ತೆಗೆದೆ. ಚಪ್ಪಲಿ ಹೊರಗೆ ಬಿಡದವರನ್ನು ಬೈದೆ. ಭಾಗ್ಯಮ್ಮನ ಕಣ್ಣಲ್ಲಿ ನೀರಿತ್ತು. ಅವಳು ಎಂಟರ್ ಒತ್ತಿ, ಸ್ಪೇಸ್ ಒತ್ತದೆ ಸುಮ್ಮನೆ ನೋಡಿದಳು. ಮತ್ತೆ ಒತ್ತಿದಳು.

"ಸಾರ್, ಅಂಚು ಯಾರು ಬಿಡಬೇಕು? ನಾವಾ, ಮಿಷೀನಾ?"

"ನೀವೇ ಕಣಮ್ಮ! ಗೋಡೆ ಮೇಲೆ ಬರೆದಿಲ್ವಾ?"

"ಮಿಷೀನೂ ಬಿಡ್ತೈತಲ್ಲ ಸಾರ್. ಒಂದೇ ಮಗ್ಗಕ್ಕೆ ಇಬ್ಬರು ಕೂತು ಲಾಳಿ ಎಸೆದ್ರೆ ಸೀರೆ ಆಗ್ತೈತಾ?"

ಅವಳು ಹೆಚ್ಚಾದ ಸ್ಪೇಸುಗಳನ್ನೆಲ್ಲ ಅಳಿಸಿ ಪ್ರಿಂಟ್ ತೆಗೆದಳು. ಸೀರೆಯಂಚಿನಷ್ಟು ನೇರವಾಗಿತ್ತು. ಅವಳನ್ನು ನೋಡಿ ಉಳಿದವರೂ ಸರಿಮಾಡಿಕೊಂಡರು.

ಹೊರಡುವಾಗ ಪರೀಕ್ಷಕರು ಗೋಡೆಯ ಚೀಟಿ ಓದಿದರು. "ಇದನ್ನ ಬರೆದೋರು ಯಾರ್ರೀ?"

"ಹಿಂದಿನ ಮೇಷ್ಟ್ರು, ಸಾರ್," ಎಂದುಬಿಟ್ಟೆ. ಭಾಗ್ಯಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹೊರಗೋಡಿದಳು.

ಪಾಸಾದಳು. ಕೆಲವು ತಿಂಗಳ ನಂತರ ರಾಂಪುರಕ್ಕೆ ಹೋದಾಗ ಅವಳ ತರಗತಿಯ ಗೋಡೆ ಖಾಲಿ ಇತ್ತು. ನಿಯಮಗಳೇ ಬೇಡವೇ ಎಂದೆ.

"ಮಿಷೀನು ಏನ್ ಮಾಡ್ತೈತೆ ಅಂತ ನೋಡ್ಕಂಡು ಆಮೇಲೆ ಹೇಳ್ತೀನಿ ಸಾರ್. ಹಿಂದಿನ ಮೇಷ್ಟ್ರು ಕಲಿಸಿದ್ದು."

ಯಾವ ಕೆಲಸದಲ್ಲೂ ನನ್ನ ಅಪ್ಪಣೆ ಹೊರಡಿಸುವ ಮೊದಲು, ಅದನ್ನು ಆಗಲೇ ಯಾರಾದರೂ ಸದ್ದಿಲ್ಲದೆ ಮಾಡುತ್ತಿದ್ದಾರೆಯೇ ಎಂದು ನೋಡುವುದನ್ನು ನಾನು ಕಲಿತದ್ದು ಅಂದಿನಿಂದ. ಆ ಹಿಂದಿನ ಮೇಷ್ಟ್ರು ಮಾತ್ರ ಮತ್ತೆ ಕೆಲಸಕ್ಕೆ ಬರಲಿಲ್ಲ.