ಹ್ಯಾಂಡ್‌ಪೋಸ್ಟಿನಲ್ಲಿ ಇಲ್ಲದ ಜೋಯಿಸರು

ಮಂಜುಳ, ನಿನ್ನ ಮೇಲೆ ದೋಷವಿದೆ ಎಂದು ಯಾವ ಜೋಯಿಸರೂ ಹೇಳಿರಲಿಲ್ಲ. ಹೇಳಿದವಳು ನಾನು. ನನ್ನ ತವರಿನ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಕವಡೆ ಹಾಕಿ ನೋಡಿದ ಆ ಮಲಯಾಳಿ ಜೋಯಿಸರು — ಅಂಥ ಮನುಷ್ಯರೇ ಇರಲಿಲ್ಲ. ಅವರ ಬಿಳಿ ಗಡ್ಡ, ಅರ್ಧ ಕನ್ನಡ ಅರ್ಧ ಮಲಯಾಳದ ಮಾತು, ಎಲ್ಲವೂ ನಾನು ಕಟ್ಟಿದ್ದು. ಹದಿಮೂರು ವರ್ಷದಿಂದ ಇದನ್ನು ಬಾಯೊಳಗೆ ಇಟ್ಟುಕೊಂಡು ನಿನ್ನ ಜೊತೆ ಒಂದೇ ಒಲೆಯ ಮುಂದೆ ಅಡುಗೆ ಮಾಡಿದ್ದೇನೆ.

ಯಾಕೆ ಹೇಳಿದೆ ಎಂದು ಕೇಳಿದರೆ ನಿನಗೆ ನಗು ಬಂದೀತು. ಎರಡು ದಿನ ಮಾಹೆಗೆ ಹೋಗಿ ಸಮುದ್ರ ನೋಡಬೇಕಿತ್ತು. ಅಷ್ಟೇ.

ನಾನಾಗ ಹುಣಸೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೆ, ನಿನಗೆ ನೆನಪಿದೆಯಲ್ಲ. ಬ್ಲೌಸ್ ಹೊಲಿಸಲು ಬಂದ ಒಬ್ಬ ಮೇಡಂ ಫೋನಿನಲ್ಲಿ ಚಿತ್ರ ತೋರಿಸಿದರು. ನದಿಯ ಪಕ್ಕದಲ್ಲೇ ನಡೆದುಕೊಂಡು ಹೋಗುವ ದಾರಿ, ಸಾಲು ದೀಪದ ಕಂಬಗಳು, ದಾರಿ ಮುಗಿದ ಕಡೆ ಸಮುದ್ರ. ಒಂದು ಕಾಲಕ್ಕೆ ಫ್ರೆಂಚರು ಆಳಿದ ಊರಂತೆ, ಪೊಲೀಸರು ಈಗಲೂ ಕೆಂಪು ಟೋಪಿ ಹಾಕುತ್ತಾರಂತೆ. ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಾಕುಟ್ಟದ ಘಟ್ಟ ಇಳಿದರೆ ಮಧ್ಯಾಹ್ನಕ್ಕೆ ಅಲ್ಲಿರಬಹುದು ಎಂದರು ಮೇಡಂ. ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದ ಮೇಲೆ ನಾನು ನೋಡಿದ ದೂರದ ಊರುಗಳೆಲ್ಲ ದೇವರ ಊರುಗಳೇ. ಸುಮ್ಮನೆ ನೋಡುವುದಕ್ಕೆ, ಸುಮ್ಮನೆ ಕೂರುವುದಕ್ಕೆ ಒಂದು ಊರಿಗೆ ಹೋಗಬಹುದು ಎಂಬುದೇ ನನಗೆ ಹೊಸದು — ಆ ಚಿತ್ರ ತಲೆಯಿಂದ ಇಳಿಯಲೇ ಇಲ್ಲ.

ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಯೋಜನೆ ಬರೆದೆ. ಶನಿವಾರ ಬೆಳಗ್ಗೆ ಐದಕ್ಕೆ ಹೊರಡುವುದು, ಬುತ್ತಿಗೆ ಪುಳಿಯೋಗರೆ, ವಿರಾಜಪೇಟೆಯಲ್ಲಿ ಟೀ, ರಾತ್ರಿ ಅಲ್ಲೇ ತಂಗುವುದು, ಭಾನುವಾರ ಸಂಜೆಗೆ ವಾಪಸು. ನಮ್ಮನೆಯವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮಾಹೆ ಎಂದ ತಕ್ಷಣ ಅವರು ತಮ್ಮನ ಕಡೆ ತಿರುಗಿ, "ಲೋಕೇಶ, ಅಲ್ಲಿ ಎಣ್ಣೆ ಸಸ್ತಾ ಕಣ್ಲಾ!" ಎಂದರು. ನಿನ್ನ ಗಂಡ ಲೋಕೇಶನೂ ಆಗಲೇ ಗಾಡಿ ಹತ್ತಿದವನ ಹಾಗೆ ಹಲ್ಲು ಬಿಟ್ಟ. ಗಂಡಸರಿಗೆ ಅಷ್ಟು ಸಾಕಾಯಿತು. ಉಳಿದವರು ಅತ್ತೆ.

ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸಿ ಒಣಗಿಸುವ ಕೆಲಸ ಮುಗಿದಿತ್ತು, ಕೆಲಸದ ನೆಪ ಹೇಳುವಂತಿರಲಿಲ್ಲ. ಆದರೂ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೇಳಿದ್ದು ಒಂದೇ ಮಾತು. "ಅಲ್ಲಿ ಯಾವ ದೇವ್ರದೆ?"

"ದೇವ್ರು ಅಂತಲ್ಲ ಅತ್ತೆ, ಸಮುದ್ರ..."

"ದೇವ್ರಿಲ್ದಿದ್ ಊರ್ಗೆ ಏನ್ ಕೇಮೆ ನಿಮ್ಗೆ? ಮನೆ ಮಂದಿಯೆಲ್ಲ ನೀರ್ ನೋಡಕ್ ಒಂಟೋದ್ರೆ ದನ ಕರ ನೋಡೋರ್ಯಾರು? ಸುಮ್ಕೆ ಕೂತ್ಕಳಿ."

ಆವಾಗ ಬಾಯಿಗೆ ಬಂತು ಸುಳ್ಳು. ಹಿಂದಿನ ವಾರ ತವರಿಗೆ, ಎಚ್.ಡಿ. ಕೋಟೆ ಕಡೆಗೆ, ಹೋಗಿ ಬಂದಿದ್ದೆ. ಅದನ್ನೇ ಹಿಡಿದುಕೊಂಡೆ. ದನಿ ತಗ್ಗಿಸಿದೆ — ದನಿ ತಗ್ಗಿಸಿದರೆ ಅತ್ತೆ ಬೇಗ ನಂಬುತ್ತಾರೆ ಎಂದು ಗೊತ್ತಿತ್ತು. "ನಿಮ್ಗೆ ಏಳ್ಬಾರ್ದು ಅಂತಿದ್ದೆ ಅತ್ತೆ. ಹ್ಯಾಂಡ್‌ಪೋಸ್ಟ್ ತಾವು ಒಬ್ರು ಮಲಯಾಳಿ ಜೋಯಿಸ್ರು ಕವಡೆ ಹಾಕಿ ಏಳುದ್ರು. ನಮ್ ಮಂಜುಳಂಗೆ ದೋಷ ಅದಂತೆ, ಅದ್ಕೇ ಮಕ್ಕಳಾಗಿಲ್ವಂತೆ. ಒಳೆ ಸಮುದ್ರ ಸೇರೋ ಕಡೆ ಮುಳುಗೆದ್ರೆ ಕಳೀತದಂತೆ."

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಜೋಯಿಸರು ಹೇಗಿದ್ದರು, ಎಷ್ಟು ಸಲ ಮುಳುಗಬೇಕಂತೆ, ಫಲ ಎಷ್ಟು ದಿನಕ್ಕೆ ಎಂದು ಒಂದೊಂದಾಗಿ ಕೇಳಿದರು. ಗಡ್ಡ ಬಿಳಿ ಎಂದೆ. ಮೂರು ಸಲ ಎಂದೆ. ಫಲಕ್ಕೆ ಒಂದು ವರ್ಷ ಕಾಯಬೇಕಂತೆ ಎಂದೆ. ಒಂದು ವರ್ಷ ಎಂದು ಯಾಕೆ ಹೇಳಿದೆನೋ. ಬೇಗ ಫಲ ಸಿಗುತ್ತದೆ ಎಂದರೆ ಬೇಗ ಸಿಕ್ಕಿಬೀಳುತ್ತೇನೆ ಎಂಬ ಲೆಕ್ಕ ಒಳಗೇ ನಡೆದಿರಬೇಕು.

ನನ್ನ ಹೆಸರನ್ನೇ ಹೇಳಬಹುದಿತ್ತು. ನನಗೆ ಆಗ ಮಂಡಿ ನೋವಿತ್ತು. ನನಗೇ ದೋಷ, ನಾನೇ ಮುಳುಗಬೇಕು ಎಂದಿದ್ದರೆ ಆಗುತ್ತಿತ್ತು. ಆದರೆ ಎರಡು ಮಕ್ಕಳ ತಾಯಿಯ ಮೇಲೆ ದೋಷ ಹೊರಿಸಿದರೆ ಯಾರು ನಂಬುತ್ತಾರೆ? ನೀನು ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಿರಲಿಲ್ಲ. ನಿನ್ನ ಹೆಸರು ಹೇಳಿದರೆ ಎರಡನೆಯ ಮಾತಿಲ್ಲದೆ ನಂಬುತ್ತಾರೆ — ಇದು ಗೊತ್ತಿದ್ದೇ ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ.

ನೀನು ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ನಿಂತಿದ್ದೆ. ನಾನು ನೋಡಿರಲಿಲ್ಲ. ಆಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಬಂದು ಪಕ್ಕದಲ್ಲಿ ಕೂತೆ. "ಅಕ್ಕ, ಜೋಯಿಸ್ರು ನನ್ ಎಸ್ರೇ ಏಳುದ್ರಾ?"

ಅಲ್ಲಿ ನಾವಿಬ್ಬರೇ ಇದ್ದೆವು. ಕಿವಿ ಹತ್ತಿರ ಬಾ, ಅತ್ತೆಗೆ ಟೋಪಿ ಹಾಕಿದ್ದೀನಿ ಕಣೆ ಎಂದು ಹೇಳಿದ್ದರೆ ನೀನೂ ನಗುತ್ತಿದ್ದೆ, ಇಬ್ಬರೂ ಸೇರಿ ನಗುತ್ತಲೇ ಮಾಹೆಗೆ ಹೋಗುತ್ತಿದ್ದೆವು. ಆದರೆ ನೀನು ಸುಳ್ಳು ಹೇಳಲು ಬಾರದವಳು. ಅತ್ತೆ ಒಂದು ಸಲ ಗದರಿದರೆ ಎಲ್ಲ ಬಿಟ್ಟುಕೊಡುತ್ತೀಯ ಎಂದು ಹೆದರಿದೆ. ಪಾತ್ರೆಯಿಂದ ಕಣ್ಣೆತ್ತದೆ "ಊಂ" ಎಂದೆ.

ದನ ಕರ ತಾವೇ ನೋಡಿಕೊಳ್ಳುತ್ತೇನೆ ಎಂದು ಅತ್ತೆ ಒಪ್ಪಿ, ನಿನ್ನನ್ನು ಶುಕ್ರವಾರದಿಂದಲೇ ಉಪವಾಸ ಕೂರಿಸಿದರು. ಘಟ್ಟದಲ್ಲಿ ಗಾಡಿ ನಿಲ್ಲಿಸಿ ನಾವೆಲ್ಲ ಪುಳಿಯೋಗರೆ ತಿಂದೆವು, ನೀನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಮಾಹೆಯಲ್ಲಿ ನಾನು ಚಿತ್ರದಲ್ಲಿ ನೋಡಿದ್ದೆಲ್ಲವೂ ಇತ್ತು — ದೀಪದ ಕಂಬ, ಹಳೆಯ ಹೆಂಚಿನ ಕಟ್ಟಡಗಳು, ಕೆಂಪು ಟೋಪಿಯ ಒಬ್ಬ ಪೊಲೀಸಪ್ಪ ಕೂಡ. ಮಕ್ಕಳು ಅಲೆಗೆ ಹೆದರಿ ಕಿರುಚುತ್ತಿದ್ದವು. ಗಂಡಸರು ಬಂದ ಕೆಲಸಕ್ಕೆ ಹೋಗಿದ್ದರು. ನೀನು ನದಿ ಸಮುದ್ರ ಸೇರುವ ಕಡೆ, ಕಲ್ಲುಗಳ ಹತ್ತಿರ ಸೊಂಟದವರೆಗೆ ಇಳಿದು, "ಮೂರೇ ಸಲನಾ ಅಕ್ಕ?" ಎಂದು ಕೂಗಿ ಕೇಳಿದೆ. ನಾನು ಐಸ್‌ಕ್ರೀಮ್ ತಿನ್ನುತ್ತ ಮೂರು ಬೆರಳು ತೋರಿಸಿದೆ. ಮುಳುಗೆದ್ದು ಕೈ ಮುಗಿದು ತುಂಬ ಹೊತ್ತು ನಿಂತಿದ್ದೆ ನೀನು, ತುಟಿ ಅಲ್ಲಾಡುತ್ತಿತ್ತು. ಏನು ಬೇಡಿಕೊಂಡೆ ಎಂದು ಕೇಳಬೇಕಾಗಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಎರಡು ದಿನ ಬಹಳ ಖುಷಿಯಾಗಿತ್ತು. ವಾಪಸು ಬರುವಾಗ ಮುಂದಿನ ವರ್ಷ ಇನ್ನೆಲ್ಲಿಗೆ ಎಂದು ಯೋಚಿಸುತ್ತಿದ್ದೆ.

ಮೈಸೂರಿನ ಡಾಕ್ಟರು ಗಂಡ ಹೆಂಡತಿ ಇಬ್ಬರೂ ಬನ್ನಿ, ಪರೀಕ್ಷೆ ಮಾಡಬೇಕು ಎಂದು ಚೀಟಿ ಬರೆದುಕೊಟ್ಟಿದ್ದರಲ್ಲ, ಅದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಹಾಗೇ ಇತ್ತು. "ಜೋಯಿಸ್ರು ವರ್ಷ ಕಾಯಿ ಅಂದವ್ರೆ, ಅಷ್ಟ್ರಲ್ಲಿ ಸೂಜಿ ಗೀಜಿ ಚುಚ್ಚುಸ್ಕಬ್ಯಾಡ" ಎಂದರು ಅತ್ತೆ. ಲೋಕೇಶನಿಗೂ ಪರೀಕ್ಷೆ ಎಂದರೆ ಮುಜುಗರ, ಅವನಿಗೆ ಅನುಕೂಲವೇ ಆಯಿತು. ವರ್ಷ ಕಳೆಯಿತು. ಕ್ಯಾಲೆಂಡರ್ ಬದಲಾಯಿತು. ಚೀಟಿ ಎಲ್ಲಿ ಹೋಯಿತೋ. ಡಾಕ್ಟರ ಹತ್ತಿರ ಹೋಗಿದ್ದರೆ ಮಗುವಾಗುತ್ತಿತ್ತು ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ಹೋಗದ ಹಾಗೆ ಮಾಡಿದ್ದು ನಾನು. ಅದು ಗೊತ್ತು.

ಆಮೇಲಿನದು ನಿನಗೇ ಗೊತ್ತಿದೆ. ಸಮುದ್ರದಲ್ಲಿ ಮುಳುಗಿ ಬಂದರೂ ಬಿಡದ ದೋಷ ಎಂದು ಅತ್ತೆ ಊರಿಗೆಲ್ಲ ಹೇಳಿದರು. ಒಟ್ಲು ಹಾಕುವಾಗ ಸಸಿಮಡಿಗೆ ಚೆಲ್ಲುವ ಮೊದಲ ಹಿಡಿ ಭತ್ತ ನಿನ್ನ ಕೈಗೆ ಕೊಡುವುದನ್ನು ನಿಲ್ಲಿಸಿದರು. ಬಸುರಿಗೆ ಮಡಲಕ್ಕಿ ಹಾಕಲು ಕರೆಯಲಿಲ್ಲ, ತೊಟ್ಟಿಲ ಶಾಸ್ತ್ರಕ್ಕೆ ಕರೆದರೂ ನಿನಗೆ ಅಡುಗೆಮನೆ. ಪ್ರತಿ ಸಲವೂ ನಾನು ಅಲ್ಲೇ ಇದ್ದೆ. ಒಂದೆರಡು ಸಲ ಬಾಯಿ ತೆರೆದೆ ಕೂಡ, ಆದರೆ ಆಗಲೇ ಸುಳ್ಳಿಗೆ ಮೂರು ವರ್ಷ, ಆರು ವರ್ಷ — ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದು ಮುಚ್ಚಿಕೊಂಡೆ. ನೀನು ನನ್ನ ಮಗಳು ರಮ್ಯಳಿಗೆ ಜಡೆ ಹಾಕಿ, ಜ್ವರ ಬಂದರೆ ಮಗ್ಗುಲಲ್ಲಿ ಮಲಗಿ ಬೆಳೆಸಿದೆ. ಅದನ್ನೂ ನೋಡಿಕೊಂಡೇ ಇದ್ದೆ.

ನಾಳೆ ಅವಳಿಗೆ ಅರಿಶಿನ. ಅರಿಶಿನ ಕುಟ್ಟಲು ಐದು ಜನ ಮುತ್ತೈದೆಯರ ಹೆಸರು ಬರೆಯುತ್ತಿದ್ದೆ ನಿನ್ನೆ. ಮೊದಲು ನಿನ್ನದೇ ಬರೆದೆ. ನೀನು ಹಿಂದಿನಿಂದ ಬಗ್ಗಿ ನೋಡಿದೆ. "ನನ್ ಎಸ್ರು ಬುಟ್ಬುಡಕ್ಕ. ಕೂಸ್ಗೆ ಯಾಕೆ ನನ್ ಕಾಟ? ನಾನ್ ಒಳಗೆ ಓಳಿಗೆ ಬೇಯಿಸ್ತೀನಿ." ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದೆ, ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ, ಅತ್ತೆ ನಂಬಿದ್ದಾರೆ, ಊರು ನಂಬಿದೆ, ನೀನು ಸುಮ್ಮನೆ ಸಹಿಸಿಕೊಂಡಿದ್ದೀಯ ಎಂದು. ನೀನೇ ನಂಬಿಬಿಟ್ಟಿದ್ದೀಯ ಎಂದು ಗೊತ್ತಾಗಲು ನನಗೆ ಹದಿಮೂರು ವರ್ಷ ಬೇಕಾಯಿತು. ಅಯ್ಯೋ ಮಂಜುಳ...

ಇವತ್ತು ಬೆಳಗ್ಗೆ ಅತ್ತೆಯ ಮುಂದೆ ಕೂತು ಹೇಳಿದೆ. "ಅವತ್ತು ಯಾವ್ ಜೋಯಿಸ್ರೂ ಇರ್ನಿಲ್ಲ ಅತ್ತೆ. ಸಮುದ್ರ ನೋಡೋ ಆಸೆಗೆ ನಾನೇ ಸುಳ್ಳೇಳ್ದೆ."

ಬೈಯುತ್ತಾರೆ ಎಂದುಕೊಂಡಿದ್ದೆ, ಕಾದೆ. ಅವರು ನನ್ನ ಮುಖವನ್ನೇ ನೋಡಿ, ಬೊಚ್ಚುಬಾಯಿ ಬಿಟ್ಟು ನಕ್ಕು, ಎರಡೂ ಕೈಯಿಂದ ನೆಟಿಕೆ ಮುರಿದರು. "ಓರಗಿತ್ತಿ ಮ್ಯಾಲೆ ಎಷ್ಟ್ ಕರುಳು ಕಣವ್ವ ನಿಂಗೆ! ಅವ್ಳುನ್ನ ಅರ್ಸ್ನಕ್ಕೆ ಕೂರ್ಸಕ್ಕೆ ತಪ್ಪೆಲ್ಲ ನಿನ್ ತಲೆ ಮ್ಯಾಲೆ ಆಕತಿದ್ದೀಯ. ನಂಗೊತ್ತಾಗಲ್ವಾ? ಬುಡು."

ನಿಜ ಅತ್ತೆ, ಮಕ್ಕಳಾಣೆ ಎಂದೆ. "ಮದ್ವೆ ಮನೇಲಿ ಮಕ್ಳಾಣೆ ಆಕ್ಬಾರ್ದು" ಎಂದು ಗದರಿ ಎದ್ದುಹೋದರು. ನಮ್ಮನೆಯವರಿಗೆ ಹೇಳಿದೆ. ಅವರು ನಂಬಿದರು, ಆದರೆ "ಬೀಗ್ರು ಬರೋ ವೊತ್ನಲ್ಲಿ ಇದೆಲ್ಲ ಯಾಕೆ? ಆಗಿದ್ದು ಆಗೋಯ್ತು" ಎಂದು ಶಾಮಿಯಾನದವನನ್ನು ವಿಚಾರಿಸಲು ಹೋದರು.

ಆಗಿಹೋಗಿದ್ದು ನನಗೆ. ನಿನಗೆ ಇನ್ನೂ ಆಗುತ್ತಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ — ಮುಖ ನೋಡಿ ಹೇಳಿದರೆ ನೀನೂ ಅತ್ತೆಯ ಹಾಗೆಯೇ ನನ್ನನ್ನು ಒಳ್ಳೆಯವಳು ಮಾಡಿಬಿಡುತ್ತೀಯ. ಇದನ್ನು ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ನಾಳೆ ಚಪ್ಪರದಲ್ಲಿ ಒನಕೆಗೆ ಕೈ ಹಾಕುವ ಮೊದಲು, ಬೀಗರು ಇರಲಿ ಯಾರೇ ಇರಲಿ, ಇದೇ ಮಾತನ್ನು ಎಲ್ಲರ ಮುಂದೆ ಹೇಳುತ್ತೇನೆ. ನೀನು ಒನಕೆ ಹಿಡಿಯುತ್ತೀಯೋ ಬಿಡುತ್ತೀಯೋ ಅದನ್ನು ಕೇಳುವ ಹಕ್ಕು ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು "ಓಗ್ಲಿ ಬುಡಕ್ಕ" ಎನ್ನುತ್ತೀಯ, ಎಲ್ಲದಕ್ಕೂ ಹಾಗೇ ಅನ್ನುವವಳು ನೀನು. ಇದಕ್ಕೆ ಮಾತ್ರ ಹಾಗನ್ನಬೇಡ. ಬಾಯಿಗೆ ಬಂದ ಹಾಗೆ ಬೈಯಿ ನನ್ನನ್ನು. ನೀನು ಬೈದರೆ ಮಾತ್ರ ನನಗೆ ಗೊತ್ತಾಗುತ್ತದೆ, ನಿನ್ನಲ್ಲಿ ಯಾವ ದೋಷವೂ ಇಲ್ಲ ಎಂದು ನೀನು ನಂಬಿದೆ ಅಂತ.