ಮಜ್ಲಿಸ್‌ಗೆ ಬಂದ ಕೇಪಿನ ಕೋವಿ

ಊರಿನಲ್ಲಿ ನನ್ನ ಅಪ್ಪ ಹೊಡೆದ ಕಾಡುಹಂದಿಯೊಂದನ್ನು ನಮ್ಮವರು, ಎಂದರೆ ನನ್ನ ಗಂಡ, ಬಹರೈನಿಗೆ ಬಂದ ಮೇಲೆ ಬಾಯಿಮಾತಿನಲ್ಲಿ ತಾವೇ ಹೊಡೆದರು. ಮನೆ ಮಾಲೀಕರ ಮಜ್ಲಿಸ್‌ನಲ್ಲಿ, ಅಂದರೆ ಗಂಡಸರು ಕೂತು ಅರಬರ ಕಾಫಿ ಗಾವಾ ಕುಡಿಯುವ ಆ ಉದ್ದನೆಯ ಕೋಣೆಯಲ್ಲಿ, ಹಂದಿಯ ಸುದ್ದಿ ಡೀಸೆಂಟ್ ಅಲ್ಲವೆಂದು ಅದನ್ನು ಕಡವೆ ಮಾಡಿಕೊಂಡರು. ಮೂವತ್ತು ವರ್ಷ ಶುಕ್ರವಾರ ಶುಕ್ರವಾರ ಆ ಕಡವೆ ಬೀಳುತ್ತಿತ್ತು. ಹಿದ್ದ್ ಬಂದರಿನ ಕೆಲಸದಿಂದ ರಿಟೈರ್ ಆಗಿ, ಮಗಳ ಜೊತೆ ಇಲ್ಲೇ ಉಳಿದ ಮೇಲೆ ಅವರನ್ನು ಯಾರಾದರೂ ಮರ್ಯಾದೆಯಿಂದ ಕರೆಯುತ್ತಿದ್ದರೆ ಅದು ಆ ಕೋಣೆಯಲ್ಲಿ ಮಾತ್ರ. ಅಲ್ಲಿ ಅವರು 'ಶಿಕಾರಿ ಸಾಬ್'. ಹಾಗಾಗಿ ನಾನು ಬಾಯಿ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಕೋವಿ ನನ್ನ ಡಿಪಾರ್ಟ್‌ಮೆಂಟ್. ಬೇಟೆ ಮುಗಿಸಿ ಬಂದ ಅಪ್ಪ ಕೋವಿಯನ್ನು ನನ್ನ ಕೈಗೆ ಕೊಡುವ ಮೊದಲು ತುಂಬಿದ ಮದ್ದುಗುಂಡಿನ ಈಡು ಒಳಗಿಲ್ಲವೆಂದು ಎರಡು ಸಲ ತೋರಿಸುತ್ತಿದ್ದರು. ಆಮೇಲೆ ನಳಿಗೆಗೆ ಬಿಸಿನೀರು ಹೊಯ್ದು, ಚಿಂದಿ ಸುತ್ತಿದ ಕಡ್ಡಿಯಿಂದ ಉಜ್ಜಿ, ಒಣಗಿಸಿ, ಎಣ್ಣೆ ಸವರುವುದು ನಾನು. ಮದ್ದು ಅಟ್ಟದ ಪೆಟ್ಟಿಗೆಯಲ್ಲಿ, ಕೇಪುಗಳು ಅಮ್ಮನ ಹೊಲಿಗೆ ಡಬ್ಬಿಯಲ್ಲಿ. ಎರಡೂ ಒಂದೇ ಕೋಣೆಯಲ್ಲಿ ಇರಕೂಡದು. ರಜೆ ಮುಗಿಸಿ ಕಾನ್ವೆಂಟಿಗೆ ಮರಳಿದಾಗ ಸಿಸ್ಟರ್ ನನ್ನ ಕೈ ಮೂಸಿ, "ಚೈಲ್ಡ್, ಕೊಳೆತ ಮೊಟ್ಟೆ ಮುಟ್ಟಿದ್ದೀಯಾ?" ಎಂದು ಕೇಳಿದ್ದರು. ಆ ವಾಸನೆ ಈಗ ಎಲ್ಲಿಯಾದರೂ ಸಿಕ್ಕಿದರೆ ಅತ್ತುಬಿಡುತ್ತೇನೇನೋ.

ಹೋದ ಈದ್‌ಗೆ ಶುಭಾಶಯ ಹೇಳಲು ನಾನೂ ಜೊತೆಗೆ ಹೋಗಿದ್ದೆ. ಮಾಲೀಕರು ಹಳೆಯ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಉದ್ದನೆಯ ಗಂಟೊಂದನ್ನು ಬಿಚ್ಚಿದರು. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಥೇಟ್ ಅಪ್ಪನದ್ದರ ಹಾಗೆ.

"ನನ್ನ ಅಜ್ಜನದು, ಶಿಕಾರಿ ಸಾಬ್. ಕ್ಲೀನ್ ಮಾಡಿ ಗೋಡೆಗೆ ಹಾಕಿಕೊಡಿ," ಎಂದು ಹಿಂದಿಯಲ್ಲಿ ಹೇಳಿದರು.

"ಕೇಪಿಲ್ಲ, ಕಂಪ್ಲೀಟ್ ಸೇಫ್," ಎಂದು ನಮ್ಮವರು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ನಳಿಗೆಯ ಬಾಯಿಗೇ ಇಟ್ಟರು.

"ತಲೆ ತೆಗೀರಿ ಮಾರಾಯ್ರೆ!" ಎಂದು ಕೊಂಕಣಿಯಲ್ಲಿ ಕಿರುಚಿದೆ.

"ಭಾಭಿ ಏನಂದರು?"

"ಧೂಳು ಜಾಸ್ತಿ ಉಂಟಂತೆ," ಎಂದರು ಇವರು.

ಕೇಪು ಬೆಂಕಿ ಕೊಡುವ ಪುಟ್ಟ ತಾಮ್ರದ ಟೊಪ್ಪಿ ಅಷ್ಟೆ. ಅದಿಲ್ಲದಿದ್ದರೂ ಒಳಗೆ ಮದ್ದಿದ್ದರೆ ಒಂದು ಕಿಡಿ ಸಾಕು. ಪಕ್ಕದಲ್ಲೇ ಬುಖೂರ್‌ನ ಧೂಪಪಾತ್ರೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು! ನಾನು ತಲೆಗೆ ಶಾಲು ಎಳೆದುಕೊಂಡು, ಜಪಮಾಲೆ ಹೇಳುವ ರಾಗದಲ್ಲಿ ಕೊಂಕಣಿಯಲ್ಲೇ ಶುರುಮಾಡಿದೆ. "ಧೂಪ ಹೊರಗೆ ಕಳಿಸಿ... ಕೋವಿಯ ಬಾಯಿ ಆ ಖಾಲಿ ಗೋಡೆ ಕಡೆಗೆ... ಅದರ ಕುದುರೆ ಮುಟ್ಟಬೇಡಿ... ಕೈ ಬಾಯಿಗೆ ಅಡ್ಡ ತರಬೇಡಿ... ಕಡ್ಡಿ ಮೆಲ್ಲ ಒಳಗೆ ಬಿಡಿ..."

ಇವರು ಒಂದೊಂದನ್ನೇ ಹಿಂದಿಗೆ ತಿರುಗಿಸಿ, ತಮ್ಮದೇ ವಿದ್ಯೆಯೆಂಬಂತೆ ಗತ್ತಿನಿಂದ ಮಾಡಿದರು.

"ಭಾಭಿ ದುವಾ ಮಾಡ್ತಿದ್ದಾರಾ?"

"ಹೌದು, ಅವಳಿಗೆ ಭಕ್ತಿ ಜಾಸ್ತಿ."

ನಾನು ಹೇಳಿಕೊಟ್ಟಂತೆ ಕಡ್ಡಿ ನಿಂತ ಕಡೆ ಬೆರಳಿಟ್ಟು, ಹೊರಗೆಳೆದು, ನಳಿಗೆಯ ಮೇಲೆ ಅಳೆದರು. ತಳ ಮುಟ್ಟಲು ಇನ್ನೂ ನಾಲ್ಕು ಬೆರಳು ಬಾಕಿ. ಅಂದರೆ ಒಳಗೆ ಏನೋ ಇದೆ.

"ಈಡು ಉಂಟು. ಪೊಲೀಸರಿಗೆ ಫೋನ್ ಮಾಡಿಸಿ. ಆಮೆನ್," ಎಂದೆ.

ಎಲ್ಲರೂ ಅಂಗಳಕ್ಕೆ ಹೋಗಿ ಬಿಸಿಲಲ್ಲಿ ನಿಂತೆವು. ಪೊಲೀಸರ ಜೊತೆ ಬಂದ ತಜ್ಞ ಕೋವಿಯನ್ನು ಹೊರಗೆ ಒಯ್ದು ಬಹಳ ಹೊತ್ತು ಏನೇನೋ ಮಾಡಿದ. ಮದ್ದೂ ಇತ್ತು, ಸೀಸದ ಚರೆಯೂ ಇತ್ತು. ಅಜ್ಜ ಮುಂದಿನ ಬೇಟೆಗೆಂದು ತುಂಬಿಟ್ಟು ಮರೆತಿರಬೇಕು.

"ಕೇಪಿಲ್ಲದ ಕೋವಿಯನ್ನು ಯಾರೂ ಅನುಮಾನಿಸೋದಿಲ್ಲ. ಯಾರು ಕಂಡುಹಿಡಿದದ್ದು?" ಎಂದು ಕೇಳಿದ.

ಮಾಲೀಕರು ಇವರ ಬೆನ್ನು ಚಪ್ಪರಿಸಿದರು. "ನಮ್ಮ ಶಿಕಾರಿ ಸಾಬ್!"

ಇವರು ಬಾಯಿ ತೆರೆದು ನನ್ನನ್ನು ನೋಡಿದರು. ಈ ಸಲ ನಾನು ಏನೂ ಹೇಳಿಕೊಡಲಿಲ್ಲ. ಇವರು ನನ್ನತ್ತ ಬೆರಳು ತೋರಿಸಿ, "ಇವಳು. ನಂಗೆ ಕೋವಿ ಹಿಡಿದೇ ಗೊತ್ತಿಲ್ಲ. ಇವಳು ಇಲ್ಲದಿದ್ದರೆ ನನ್ನ ಕಣ್ಣು ಹೋಗ್ತಿತ್ತು," ಎಂದರು. ಹಿಂದಿಯಲ್ಲೇ, ಎಲ್ಲರಿಗೂ ಕೇಳುವಂತೆ.

ಮಾಲೀಕರು ಗಡ್ಡ ನೀವಿಕೊಂಡರು. "ಹಾಗಾದರೆ ಆ ಕಡವೆ?"

ನಮ್ಮವರ ಮುಖ ನೋಡಲಾಗಲಿಲ್ಲ. "ಕೋವಿ ಒರೆಸುವುದು ಮಾತ್ರ ನಾನು. ಕಡವೆಯ ವಿಷಯ ಅವರನ್ನೇ ಕೇಳಿ," ಎಂದೆ. ಮಾಲೀಕರು ನಮ್ಮಿಬ್ಬರನ್ನೂ ನೋಡಿ, ಹೊಟ್ಟೆ ಹಿಡಿದು ನಕ್ಕು, ಗಾವಾವನ್ನು ಮೊದಲು ನನಗೆ ಕೊಟ್ಟರು. ಆಮೇಲೆ, "ತಗೊಳ್ಳಿ ಶಿಕಾರಿ ಸಾಬ್," ಎಂದು ಇವರಿಗೆ.

ಮನೆಗೆ ಬಂದವರು ಚಾ ಕೂಡ ಕೇಳದೆ ಸೀದಾ ಅಡುಗೆಮನೆಗೆ ಹೋಗಿ ಮಾಪ್ ಹಿಡಿದು ಬಂದರು. "ಶುಕ್ರವಾರದೊಳಗೆ ಸರಿಯಾಗಿ ಕಲಿಸು ಮಾರಾಯ್ತಿ. ಆ ಮನುಷ್ಯ ಇನ್ನೂ ನನ್ನನ್ನು ಹಾಗೇ ಕರೀತಾನೆ."

"ಮೊದಲು ಅದರ ಬಾಯಿ ನನ್ನ ಕಡೆಯಿಂದ ತಿರುಗಿಸಿ."

"ಇದು ಮಾಪ್ ಅಲ್ವಾ?"

"ಅಪ್ಪ ನಂಗೂ ಪೊರಕೆಯಲ್ಲೇ ಶುರುಮಾಡಿಸಿದ್ದು," ಎಂದೆ. ಎಪ್ಪತ್ತಾರರ ನಮ್ಮ ಮುದುಕರು ಮಾಪನ್ನು ಬಲು ವಿನಯದಿಂದ ಫ್ರಿಜ್ಜಿನ ಕಡೆಗೆ ತಿರುಗಿಸಿದರು.